ಮೂರು ಪಿನ್ನು

ವಿಮಾನ ಹಾರಿಸಿದವನ ಹೆಸರು ಪುಸ್ತಕದ ಮುಖಪುಟದ ಮೇಲೆ ಬರುತ್ತದೆ. ಅದನ್ನು ಹಾರುವ ಸ್ಥಿತಿಯಲ್ಲಿ ಇಟ್ಟವನ ಹೆಸರು ಒಳಗೆಲ್ಲಾದರೂ ಬರಬೇಕಾದರೆ ಏನಾದರೂ ಎಡವಟ್ಟಾಗಿರಬೇಕು. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ನೆಲದ ಮೇಲೆ ನಿಂತು ದುಡಿದ ಸಣ್ಣಸ್ವಾಮಿಗೆ ಇಷ್ಟು ಗೊತ್ತಿರಬೇಕಿತ್ತು. ಆದರೂ ಶಿವಪ್ರಕಾಶ್ ಬಂದು "ಪುಸ್ತಕದಲ್ಲಿ ನಿಮ್ಮ ಹೆಸರಿದೆ" ಎಂದ ಕೂಡಲೆ, ಎಪ್ಪತ್ತಾರು ವರ್ಷದ ಮುದುಕ ಮದುವೆ ಗೊತ್ತಾದ ಹುಡುಗನ ಹಾಗೆ ಹಲ್ಲುಕಿರಿದ.

ಶಿವಪ್ರಕಾಶ್ ಕೊಡ್ಲಿಪೇಟೆಯವನು. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ, ಈಗ ಮಾಜಿ ಸೈನಿಕರ ಸಂಘವೊಂದರ ಕಾರ್ಯದರ್ಶಿ. ಯಾರ ಮನೆಗೆ ಹೋದರೂ ಕೈಯಲ್ಲೊಂದು ಆಮಂತ್ರಣ ಪತ್ರಿಕೆ ಇಲ್ಲದೆ ಹೋಗುವವನಲ್ಲ. ಆ ದಿನ ಕುಶಾಲನಗರದಲ್ಲಿರುವ ಸಣ್ಣಸ್ವಾಮಿಯ ವರ್ಕ್‌ಶಾಪಿಗೆ ಬಂದು, ಬಿಚ್ಚಿಟ್ಟ ಮೋಟಾರುಗಳನ್ನು ದಾಟಿಕೊಂಡು, ಪುಸ್ತಕವನ್ನೂ ಪತ್ರಿಕೆಯನ್ನೂ ಒಟ್ಟಿಗೇ ಮೇಜಿನ ಮೇಲಿಟ್ಟ.

"ಗ್ರೂಪ್ ಕ್ಯಾಪ್ಟನ್ ಮೊಣ್ಣಪ್ಪ ಅವ್ರ ಆತ್ಮಕಥೆ ಮಾರಾಯ್ರೆ. ಎಪ್ಪತ್ತೊಂದರ ಯುದ್ಧದ್ದೆಲ್ಲ ಬರ್ದಿದ್ದಾರೆ. ಪುಟ ನೂರ ನಲವತ್ತೆರಡರಲ್ಲಿ ನೀವಿದ್ದೀರಿ. ನಾನಿನ್ನೂ ಓದಿಲ್ಲ, ಹಾಳೆ ತಿರುಗ್ಸುವಾಗ ಕೊಡಗಿನ ಸ್ವಾಮಿ ಅಂತ ಕಾಣ್ತು, ನೀವಲ್ದೆ ಬೇರೆ ಯಾರು? ಮುಂದಿನ ಭಾನುವಾರ ಮಡಿಕೇರಿಲಿ ಬಿಡುಗಡೆ. ಅವ್ರ ಕೈಯಿಂದ್ಲೇ ನಿಮಗೆ ಶಾಲು, ಪೇಟ. ಬರ್ಲೇಬೇಕು."

"ಮೊಣ್ಣಪ್ಪ ಸಾಹೇಬ್ರು ನನ್ನ ನೆನ್ಪಿಟ್ಕಂಡವ್ರಾ!" ಎಂದ ಸಣ್ಣಸ್ವಾಮಿ. ಮೋಟಾರಿಗೆ ತಂತಿ ಸುತ್ತುತ್ತಿದ್ದ ಮಗಳು ಮಾನಸ ತಲೆಯೆತ್ತಿ ಅಪ್ಪನನ್ನು ನೋಡಿ ನಕ್ಕಳು. ಇಂಥ ಮುಖ ಅವಳು ಕಂಡಿದ್ದು ಅಪರೂಪ.

ಸಣ್ಣಸ್ವಾಮಿಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಹಾರಂಗಿ ಸುತ್ತಲಿನ ಊರುಗಳಲ್ಲಿ ಅವನಿಗೆ ಏರ್‌ಫೋರ್ಸ್ ಸಣ್ಣಸ್ವಾಮಿ ಎಂದೇ ಹೆಸರು. ಪಂಪ್‌ಸೆಟ್ಟಿನಿಂದ ಹಿಡಿದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನವರೆಗೆ ಏನನ್ನಾದರೂ ರಿಪೇರಿ ಮಾಡುತ್ತಾನೆ, ಆದರೆ ರಿಪೇರಿ ಮುಗಿದ ಮೇಲೆ ಯಜಮಾನನನ್ನು ಸುಮ್ಮನೆ ಬಿಡುವುದಿಲ್ಲ. ತನ್ನ ಸ್ಪ್ಯಾನರು, ಇಕ್ಕಳ, ಸ್ಕ್ರೂಡ್ರೈವರುಗಳನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸುತ್ತಾನೆ. "ಎಂಟು ತಂದಿದ್ದೆ, ಎಂಟೂ ಈಚೆಗದೆ. ನೋಡಿದ್ರಾ?" ಎದುರಿಗಿದ್ದವನು ಎಣಿಸಿ, ಹೆಬ್ಬೆರಳೆತ್ತಿ "ನೋಡ್ದೆ" ಎನ್ನಬೇಕು. ಅನ್ನದಿದ್ದರೆ ಇವನು ಸ್ವಿಚ್ಚು ಹಾಕಲು ಬಿಡುವವನಲ್ಲ. ಚಹದಂಗಡಿಯಲ್ಲಿ ಹುಡುಗರು ಲೋಟ ಎತ್ತಿ ಹಿಡಿದು "ಎರಡು ತಂದಿದ್ದೆ, ನೋಡಿದ್ರಾ?" ಎಂದು ಅವನ ಅಣಕ ಮಾಡುವುದುಂಟು. ಮಾಡಲಿ ಬಿಡಿ. ಅವನ ಕೈಯ ಮೋಟಾರಿನೊಳಗೆ ಸ್ಪ್ಯಾನರು ಉಳಿದುಹೋದ ದಾಖಲೆ ಮೂವತ್ತೆಂಟು ವರ್ಷದಲ್ಲಿ ಒಂದೂ ಇಲ್ಲ.

ಮಾನಸ ಬೆಳೆದದ್ದು ಈ ಶಿಸ್ತಿನಲ್ಲೇ. ಒಂಬತ್ತು ವರ್ಷದವಳಿದ್ದಾಗ ಒಂದು ಟೆಸ್ಟರನ್ನು ಯಾರದೋ ಪಂಪ್‌ಹೌಸಿನಲ್ಲಿ ಮರೆತು ಬಂದದ್ದಕ್ಕೆ ಅಪ್ಪ ಅವಳನ್ನು ನಾಲ್ಕು ಮೈಲಿ ವಾಪಸ್ ನಡೆಸಿದ್ದ. ಈಗ ವರ್ಕ್‌ಶಾಪ್ ಅವಳದು. ಪಿಕಪ್ ಗಾಡಿಯೂ ಅವಳದು. ಕೊಡಗಿನ ರಸ್ತೆ ಎಂದರೆ ಏರು ಇಳಿವು. ಹ್ಯಾಂಡ್‌ಬ್ರೇಕ್ ಎಷ್ಟೇ ಗಟ್ಟಿಯಿದ್ದರೂ ಗಾಡಿ ನಿಲ್ಲಿಸಿದ ಕೂಡಲೆ ಚಕ್ರಕ್ಕೊಂದು ಮರದ ತುಂಡು ಕೊಡುವುದು, ಹೊರಡುವಾಗ ಅದನ್ನು ತೆಗೆದು ಮುಂದೆ ಕೂತವರಿಗೆ ತೋರಿಸುವುದು ಅವರ ಮನೆಯ ಪದ್ಧತಿ. ಮುಂದೆ ಕೂತವರು ಹೆಬ್ಬೆರಳು ಎತ್ತಬೇಕು. ತಾಯಿ ಸಿದ್ದಮ್ಮ ಕೂಡ ಆಸ್ಪತ್ರೆಗೆ ಹೊರಟಾಗ ಎತ್ತುತ್ತಾಳೆ, ಒಂದಿಷ್ಟು ಗೊಣಗಿಕೊಂಡು.

ಸಣ್ಣಸ್ವಾಮಿ ಆ ಮಧ್ಯಾಹ್ನವೇ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತ. ನೂರ ನಲವತ್ತೆರಡಕ್ಕೆ ನೇರ ಹೋಗಬಹುದಿತ್ತು. ಹೋಗಲಿಲ್ಲ. ಹಬ್ಬದ ಊಟದಲ್ಲಿ ಪಾಯಸವನ್ನು ಕೊನೆಗೆ ಇಟ್ಟುಕೊಳ್ಳುವ ಸ್ವಭಾವ ಅವನದು. ಮೊದಲ ಪುಟದಿಂದ ಶುರುಮಾಡಿದ. ಮೊಣ್ಣಪ್ಪನ ಬಾಲ್ಯ, ಪಶ್ಚಿಮ ಕೊಡಗಿನ ಅವರ ತೋಟ, ಮಡಿಕೇರಿಯ ಶಾಲೆ, ಮೊದಲ ಸಲ ಒಬ್ಬನೇ ವಿಮಾನ ಏರಿದ್ದು, ಎಲ್ಲವನ್ನೂ ಸಾವಧಾನವಾಗಿ ಓದಿದ. ಚೆನ್ನಾಗಿಯೇ ಬರೆದಿದ್ದ. ಪಂಜಾಬಿನ ಆ ವಿಮಾನನೆಲೆಯ ಡಿಸೆಂಬರಿನ ಮಂಜು, ಇಂಜಿನ್ನು ಹೊತ್ತಿಕೊಂಡಾಗಿನ ಸೀಮೆಎಣ್ಣೆ ವಾಸನೆ ಓದುವಾಗ ಸಣ್ಣಸ್ವಾಮಿಗೆ ಮೂಗೇ ಅರಳಿತು.

ಆದರೆ ನೂರು ಪುಟ ದಾಟುವ ಹೊತ್ತಿಗೆ ಒಳಗೆ ಏನೋ ಕಿರಿಕಿರಿ ಶುರುವಾಯಿತು. ಈ ಪುಸ್ತಕದಲ್ಲಿ ವಿಮಾನ ಯಾವಾಗಲೂ ಸಿದ್ಧವಾಗಿಯೇ ನಿಂತಿರುತ್ತಿತ್ತು. ಪೈಲಟ್ ಓಡಿ ಬರುತ್ತಾನೆ, ಹತ್ತುತ್ತಾನೆ, ಹಾರುತ್ತಾನೆ. ಹಾಲು ಯಾರೂ ಕರೆಯದೆ ತಾನಾಗಿ ಲೋಟಕ್ಕೆ ಬಂದ ಹಾಗೆ. ಗುಂಡೇಟು ತಿಂದು ಬಂದ ರೆಕ್ಕೆಗೆ ಬೆಳಕು ಹರಿಯುವುದರೊಳಗೆ ತೇಪೆ ಹಾಕಿದವರು ಯಾರು? ಬೆಳಕು ಶತ್ರುವಿಗೆ ಕಾಣದಂತೆ ಟಾರ್ಚಿಗೆ ಕಾಗದ ಸುತ್ತಿಕೊಂಡು, ಚಳಿಗೆ ಕಬ್ಬಿಣಕ್ಕೆ ಅಂಟಿಕೊಂಡ ಬೆರಳಿನ ಚರ್ಮ ಕಿತ್ತುಕೊಂಡು, ಅಷ್ಟಷ್ಟು ದಪ್ಪದ ರಾಕೆಟ್ಟುಗಳನ್ನು ಹೆಗಲ ಮೇಲೆ ಹೊತ್ತು ಸಿಕ್ಕಿಸಿದವರು ಯಾರು? ನೂರ ನಲವತ್ತು ಪುಟದಲ್ಲಿ ಪೈಲಟನ ನಾಯಿಯ ಹೆಸರು ಎರಡು ಸಲ ಬಂದಿತ್ತು. ನೆಲದ ಹುಡುಗರದು ಇನ್ನೂ ಬಂದಿರಲಿಲ್ಲ.

ಪರವಾಗಿಲ್ಲ, ನನ್ನ ಹೆಸರಂತೂ ಬರ್ತದಲ್ಲ ಎಂದುಕೊಂಡು ಹಾಳೆ ಮಗುಚಿದ. ಬಂತು.

"ಅಂದು ಬೆಳಗ್ಗೆ ನನ್ನ ವಿಮಾನದ ಚಕ್ರಗಳು ಮೇಲೆ ಮಡಚಿಕೊಳ್ಳಲಿಲ್ಲ. ನಮ್ಮ ಕೊಡಗಿನವನೇ ಆದ ಸ್ವಾಮಿ ಎಂಬ ನೆಲದ ಸಿಬ್ಬಂದಿ ಚಕ್ರಗಳ ಸುರಕ್ಷಾ ಪಿನ್ನುಗಳನ್ನು ತೆಗೆಯಲು ಮರೆತಿದ್ದ. ನಾನು ನಿರುಪಾಯನಾಗಿ ಮರಳಬೇಕಾಯಿತು. ನನ್ನ ಲೀಡರ್ ಖನ್ನಾ ಒಬ್ಬರೇ ಗಡಿ ದಾಟಿ ಹೋದರು, ಮತ್ತೆ ಬರಲಿಲ್ಲ. ಒಬ್ಬನ ಮರೆವು ಇನ್ನೊಬ್ಬನ ಪ್ರಾಣ ತೆಗೆಯಿತು. ಸ್ವಾಮಿ ಒಳ್ಳೆಯ ಹುಡುಗ. ನಾನು ಅವನನ್ನು ಎಂದೋ ಕ್ಷಮಿಸಿದ್ದೇನೆ."

ಸಣ್ಣಸ್ವಾಮಿ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ. ಅಕ್ಷರ ಅವೇ ಇದ್ದವು. ಮರೆತ ಎಂದು ಬರೆದದ್ದಕ್ಕಿಂತ ಕೊನೆಯ ಆ ಸಾಲು ಅವನ ಮೈಗೆ ಬೆಂಕಿ ಹಚ್ಚಿತು. ಕ್ಷಮಿಸಿದ್ದಾನಂತೆ! ಕಳ್ಳ ಬಂದು, ನಿನ್ನ ಮನೆಯಲ್ಲಿ ನಾನು ಕದ್ದೆನಲ್ಲ, ಅದಕ್ಕೆ ನಿನ್ನನ್ನು ಕ್ಷಮಿಸಿದ್ದೇನೆ ಎಂದರೆ ಹೇಗಿರುತ್ತದೆ? ಪುಸ್ತಕವನ್ನು ಎತ್ತಿ ಅಂಗಳಕ್ಕೆ ಒಗೆದ. ಅದು ಕೋಳಿಗಳ ನಡುವೆ ಹೋಗಿ ಬಿತ್ತು.

ಒಳಗಿನಿಂದ ಸಿದ್ದಮ್ಮ ಬಂದಳು. ವರ್ಕ್‌ಶಾಪಿನಿಂದ ಆಗಷ್ಟೆ ಬಂದಿದ್ದ ಮಾನಸ ಪುಸ್ತಕವನ್ನು ಎತ್ತಿ, ಮಣ್ಣು ಕೊಡವಿ, ಮಡಚಿಕೊಂಡಿದ್ದ ಪುಟವನ್ನು ನೇರ ಮಾಡಿ ಓದಿದಳು. ಅಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿಯೇ ಓದಿದಳು. ಓದಿ ಮುಗಿಸಿ ಅಪ್ಪನತ್ತ ತಿರುಗಿದಳು.

"ಅಪ್ಪ, ಮರ್ತಿದ್ಯಾ?"

"ಏನಂದೆ?"

"ಅಲ್ಲ... ಅದಕ್ಕೇನಾ ನಮಗೆಲ್ಲ ಎಣಿಸು, ತೋರ್ಸು ಅಂತ ಅಷ್ಟು ಬೈತಿದ್ದಿದ್ದು? ನಾನು ಚಿಕ್ಕವಳಿದ್ದಾಗ ಆ ಟೆಸ್ಟರಿಗೆ..." ಅವಳ ಮುಖದಲ್ಲಿ ಕೋಪವಿರಲಿಲ್ಲ, ಅಯ್ಯೋ ಎನ್ನುವ ಭಾವವಿತ್ತು. ಸಣ್ಣಸ್ವಾಮಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು. ತನ್ನ ಜೀವಮಾನದ ಶಿಸ್ತನ್ನು ಒಂದೇ ಪ್ಯಾರಾದಲ್ಲಿ ಆ ಮನುಷ್ಯ ತಪ್ಪಿತಸ್ಥನ ಚಾಳಿ ಮಾಡಿಬಿಟ್ಟಿದ್ದ. ಹೆತ್ತ ಮಗಳೇ ಹಾಗೆ ಓದಿಕೊಂಡಿದ್ದಳು.

"ಸಾರ್ಜೆಂಟ್ ಜೊತೆ ಜಗಳ ಆಡಿ ತೋಳಿನ ಬಡ್ತಿ ಪಟ್ಟಿ ಕಳ್ಕಂಡೆ ಅಂದಿದ್ರಿ ನೀವು," ಎಂದಳು ಸಿದ್ದಮ್ಮ. "ಮದ್ವೆ ಆದಾಗ್ಲಿಂದ ಅದೇ ಹೇಳ್ಕಂಡು ಬಂದಿದ್ರಲ್ಲ."

ಆಗ ಸಣ್ಣಸ್ವಾಮಿ ಐವತ್ತಕ್ಕೂ ಮಿಕ್ಕಿ ವರ್ಷ ಬಾಯಿ ಬಿಡದ ಸಂಗತಿಯನ್ನು ಹೇಳಿದ. ಸಿಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ಹೇಳಿದ. ನಾವು ಅದನ್ನು ನೇರ ಮಾಡಿ ಹೇಳಿದರೆ ಹೀಗೆ.

ವಿಮಾನ ನೆಲದ ಮೇಲಿರುವಾಗ ಅದರ ಚಕ್ರದ ಕಾಲುಗಳು ತಪ್ಪಿಯೂ ಮಡಚಿಕೊಳ್ಳದಿರಲಿ ಎಂದು ಮೂರು ಕಾಲಿಗೂ ಒಂದೊಂದು ಪಿನ್ನು ಹಾಕಿರುತ್ತಾರೆ. ಕಣ್ಣಿಗೆ ಹೊಡೆಯುವಂತೆ ಅದಕ್ಕೊಂದು ಕೆಂಪು ಪಟ್ಟಿ. ಹೊರಡುವ ಮೊದಲು ನೆಲದವನು ಮೂರನ್ನೂ ತೆಗೆದು, ವಿಮಾನದ ಮುಂದೆ ನಿಂತು, ಎತ್ತಿ ಪೈಲಟನಿಗೆ ತೋರಿಸಬೇಕು. ಪೈಲಟ್ ಎಣಿಸಿ ಹೆಬ್ಬೆರಳು ಎತ್ತಬೇಕು. ಇಳಿದು ಬಂದ ಕೂಡಲೆ, ಬೇರೆ ಯಾವ ಕೆಲಸಕ್ಕೂ ಮೊದಲು, ಮೂರನ್ನೂ ಮತ್ತೆ ಹಾಕಬೇಕು. ನಿದ್ದೆಗಣ್ಣಿನಲ್ಲೂ ಕೈ ತಾನಾಗಿ ಮಾಡುವಷ್ಟು ಸಲ ಮಾಡಿದ ಕೆಲಸ ಅದು.

ಆ ಬೆಳಗ್ಗೆ ಇಪ್ಪತ್ತೆರಡು ವರ್ಷದ ಸಣ್ಣಸ್ವಾಮಿ ಮೂರು ಪಿನ್ನನ್ನೂ ತೆಗೆದ, ತೋರಿಸಿದ. ಮೊಣ್ಣಪ್ಪ ಹೆಬ್ಬೆರಳು ಎತ್ತಿದ. ಎರಡು ವಿಮಾನ ಹೋದವು. ಹನ್ನೊಂದು ನಿಮಿಷಕ್ಕೆ ಒಂದು ವಾಪಸ್ ಬಂತು. ಸಣ್ಣಸ್ವಾಮಿ ಓಡಿಹೋಗಿ, ಕೊರಳಿಗೆ ನೇತುಹಾಕಿಕೊಂಡಿದ್ದ ಚೀಲದಿಂದ ಪಿನ್ನು ತೆಗೆದು ಮೂರೂ ಕಾಲಿಗೆ ಹಾಕಿ, ಆಮೇಲೆ ಏಣಿ ಹತ್ತಿದ. ಒಳಗೆ ಮೊಣ್ಣಪ್ಪ ಬೆವರಿ ಒದ್ದೆಯಾಗಿದ್ದ. ಆಮ್ಲಜನಕದ ಮುಖವಾಡದಲ್ಲಿ ವಾಂತಿ. "ಕೈ ಬರ್ಲಿಲ್ಲ ಸ್ವಾಮಿ," ಎಂದ ಕನ್ನಡದಲ್ಲಿ. "ಚಕ್ರ ಮಡಚೋ ಲಿವರ್ ಹತ್ರ ಹೋಯ್ತು, ಎಳೀಲಿಕ್ಕೆ ಕೈ ಬರ್ಲಿಲ್ಲ." ಇಪ್ಪತ್ತಾರು ವರ್ಷದ ಹುಡುಗ. ಹೆದರಿದ್ದ. ಅದರಲ್ಲಿ ಏನು ತಪ್ಪು? ಅಲ್ಲಿ ಹೆದರದವನು ಯಾರಿದ್ದ? ಸಣ್ಣಸ್ವಾಮಿ ಮುಖವಾಡ ತೊಳೆಯಲು ತೆಗೆದುಕೊಂಡು, "ಆಯ್ತು ಬಿಡಿ ಸಾರ್" ಎಂದಿದ್ದ.

ಅಷ್ಟರಲ್ಲಿ ಇಂಜಿನಿಯರ್ ಆಫೀಸರ್ ಬಂದ. "ಯಾಕೆ ವಾಪಸ್?" ಎಂದ. "ಚಕ್ರ ಮೇಲೆ ಹೋಗ್ಲಿಲ್ಲ" ಎಂದ ಮೊಣ್ಣಪ್ಪ. ಆಫೀಸರ್ ಬಗ್ಗಿ ನೋಡಿದ. ಮೂರು ಕಾಲಿನಲ್ಲೂ ಪಿನ್ನು, ಗಾಳಿಗೆ ಕೆಂಪು ಪಟ್ಟಿ ಆಡುತ್ತಿತ್ತು. "ಹೇಗೆ ಹೋಗ್ತದೆ, ಪಿನ್ನೇ ತೆಗೆದಿಲ್ಲವಲ್ಲ!" ಈಗ ತಾನೇ ಹಾಕಿದೆ ಸಾರ್ ಎಂದು ಹೇಳಲು ಸಣ್ಣಸ್ವಾಮಿ ಬಾಯಿ ತೆರೆದವನು ಮೊಣ್ಣಪ್ಪನ ಮುಖ ನೋಡಿದ. ಆ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಸಂಜೆಯೊಳಗೆ ಇವರೇ ಹೇಳುತ್ತಾರೆ, ಆಫೀಸರುಗಳು ತಮ್ಮ ತಮ್ಮಲ್ಲೇ ಸರಿಮಾಡಿಕೊಳ್ಳುತ್ತಾರೆ ಎಂದುಕೊಂಡ. ಸಂಜೆಗೆ ಖನ್ನಾ ಸಾಹೇಬರು ಬರಲಿಲ್ಲ ಎಂಬ ಸುದ್ದಿ ಬಂತು. ಆಮೇಲೆ ಯಾರೂ ಏನೂ ಹೇಳುವ ಹಾಗಿರಲಿಲ್ಲ. ವಿಚಾರಣೆಯಲ್ಲಿ ಮೊಣ್ಣಪ್ಪ "ಮಂಜಿತ್ತು, ಪಿನ್ನು ತೋರಿಸಿದ್ದು ನೆನಪಿಲ್ಲ" ಎಂದ. ಸಣ್ಣಸ್ವಾಮಿಗೆ ಹದಿನಾಲ್ಕು ದಿನ ಸೆರೆ. ನಾಲ್ಕು ತಿಂಗಳ ಹಿಂದಷ್ಟೇ ಬಂದಿದ್ದ ತೋಳಿನ ಪಟ್ಟಿಯೂ ಹೋಯಿತು.

ಸೆರೆಯಿಂದ ಹೊರಬಂದಾಗ ಮೊಣ್ಣಪ್ಪ ಅವನ ಕೈಗೆ ಮನೆಯಿಂದ ಬಂದಿದ್ದ ಒಂದು ಡಬ್ಬಿ ಕಾಫಿಪುಡಿ ಇಟ್ಟು, ಏನೂ ಮಾತಾಡದೆ ಹೋದ. ಅದೇ ಕ್ಷಮೆ ಕೇಳಿದ್ದು ಎಂದುಕೊಂಡ ಸಣ್ಣಸ್ವಾಮಿ. ಅಷ್ಟರಲ್ಲಿ ಮೊಣ್ಣಪ್ಪ ಇನ್ನೂ ಏಳು ಸಲ ಗಡಿ ದಾಟಿ ಹೋಗಿ ಬಂದಿದ್ದ, ನಿಜವಾದ ಧೈರ್ಯದಿಂದಲೇ. ಇಂಥವನ ಆ ಹನ್ನೊಂದು ನಿಮಿಷವನ್ನು ನಾನು ಮುಚ್ಚಿಟ್ಟೆ, ಅದು ನಮ್ಮಿಬ್ಬರ ನಡುವೆ ಇರಲಿ ಎಂದು ಸಣ್ಣಸ್ವಾಮಿ ಹೆಮ್ಮೆಯಿಂದಲೇ ಇದ್ದ. ಹೆಂಡತಿಗೂ ಹೇಳದೆ ಇದ್ದ.

"ಈಗ ನೋಡು ಏನು ಬರ್ದವ್ನೆ ಅಂತ!" ಎಂದು ಕೂಗಿದ. "ನಾನು ಮುಚ್ಚಿಟ್ಟಿದ್ನ ನನ್ ಮೇಲೇ ಸುರ್ದವ್ನೆ! ಮಾಡಿದ್ದು ಅವ್ನು, ಕ್ಷಮೆ ನನಗಂತೆ!"

ಮಾನಸ ಅಪ್ಪನ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. "ಆಯ್ತು ಅಪ್ಪ. ನಾನು ನಂಬ್ತೀನಿ. ಬಿಪಿ ಏರಿಸ್ಕೋಬೇಡ."

ಆ ದನಿ ಸಣ್ಣಸ್ವಾಮಿಗೆ ಗೊತ್ತಿತ್ತು. ಸುಟ್ಟುಹೋದ ಮೋಟಾರು ಹಿಡಿದು ಬಂದು ವೋಲ್ಟೇಜೇ ಸರಿಯಿರಲಿಲ್ಲ ಎಂದು ವಾದಿಸುವ ಗಿರಾಕಿಗೆ "ಆಯ್ತು, ನಂಬ್ತೀನಿ" ಎನ್ನುತ್ತಾಳಲ್ಲ, ಅದೇ ದನಿ. ಅವನು ಅವಳ ಕೈಯನ್ನು ತಳ್ಳಿ ಎದ್ದು ಹೋದ.

ಮೂರು ದಿನ ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ಮೊಣ್ಣಪ್ಪನ ಮೇಲೆ ಮಾತ್ರ ಇದ್ದಿದ್ದರೆ ಸುಲಭವಿತ್ತು. ತನ್ನ ಮೇಲೂ ಇತ್ತು. ಯಾರು ಹೇಳಿದ್ದರು ನಿನಗೆ ಬಾಯಿ ಮುಚ್ಚಿಕೊಂಡಿರು ಎಂದು? ಒಂದು ಡಬ್ಬಿ ಕಾಫಿಪುಡಿಗೆ ಹೆಸರು ಕೊಟ್ಟು ಬಂದೆಯಲ್ಲ, ಮುಠ್ಠಾಳ! ಮೂರೂ ಪಿನ್ನು ಚೀಲದಲ್ಲೇ ಇಟ್ಟುಕೊಂಡು ಅರ್ಧ ನಿಮಿಷ ತಡೆದಿದ್ದರೆ, ಆಫೀಸರ್ ಬಂದು ಪಿನ್ನಿಲ್ಲದ ಕಾಲು ನೋಡುತ್ತಿದ್ದ. ಆದರೆ ತಡೆಯುವುದು ಹೇಗೆ? ಕೈಗೆ ಕಲಿಸಿದ್ದನ್ನು ಕೈ ಮಾಡಿತ್ತು. ಸರಿಯಾಗಿ ಕೆಲಸ ಮಾಡಿದ್ದೇ ಅವನ ಕುತ್ತಿಗೆಗೆ ಬಂದಿತ್ತು. ಯೋಚಿಸಿದಷ್ಟೂ ಹಲ್ಲು ಕಡಿಯುವಂತಾಗುತ್ತಿತ್ತು.

ನಾಲ್ಕನೆಯ ದಿನ ಬೆಳಗ್ಗೆ ವರ್ಕ್‌ಶಾಪಿಗೆ ಬಂದವನು ಒಂದು ಉಕ್ಕಿನ ಸರಳು ಆರಿಸಿ ಲೇತ್ ಮೆಷಿನ್ನಿಗೆ ಕೊಟ್ಟ. ಗೇಣುದ್ದದ ಮೂರು ತುಂಡು. ತುದಿ ಸ್ವಲ್ಪ ಚೂಪು, ಬುಡದಲ್ಲೊಂದು ಬಳೆ. ಅಳತೆ ಬರೆದುಕೊಂಡಿರಲಿಲ್ಲ, ಬೆರಳಿಗೆ ನೆನಪಿತ್ತು. ಅರ ಹಾಕಿ ಉಜ್ಜುವಾಗ ಯಾರದೋ ಮೂಳೆ ಉಜ್ಜುವವನ ಹಾಗೆ ಉಜ್ಜಿದ. ಸಿದ್ದಮ್ಮನ ಹಳೆಯ ಕೆಂಪು ರವಿಕೆ ಹರಿದು ಮೂರು ಪಟ್ಟಿ ಮಾಡಿ ಬಳೆಗಳಿಗೆ ಕಟ್ಟಿದ.

"ಏನಪ್ಪ ಅದು?" ಎಂದಳು ಮಾನಸ.

"ಭಾನುವಾರ ಮಡಿಕೇರಿಗೆ ಹೋಯ್ತೀನಿ. ನೀ ಬತ್ತೀಯೋ, ಬಸ್ಸಿಗೆ ಹೋಗ್ಲೋ?"

"ಶಾಲು ಹಾಕಿಸ್ಕೊಳ್ಳೋಕಾ? ಅವ್ರ ಕೈಲಿ?"

"ಬತ್ತೀಯೋ ಇಲ್ವೋ ಹೇಳು."

ಬರುತ್ತೇನೆಂದಳು. ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಗಾಡಿಯ ಮುಂದೆ ಕೂತ. ಮಾನಸ ಚಕ್ರದಡಿಯ ಮರದ ತುಂಡನ್ನು ತೆಗೆದು, ಏನೂ ತೋರಿಸದೆ ಹಿಂದಕ್ಕೆ ಎಸೆದು, ಬಂದು ಸ್ಟೀರಿಂಗ್ ಹಿಡಿದಳು. ತೋರಿಸಿದರೆ ಅಪ್ಪನಿಗೆ ಆ ಪುಟ ನೆನಪಾಗಿ ನೋವಾದೀತೆಂದು ಅವಳ ಲೆಕ್ಕ. ಗಾಡಿ ಕೊಂಡಾಗಿನಿಂದ ಅವಳು ತೋರಿಸದೆ ಹೊರಟದ್ದು ಅದೇ ಮೊದಲು. ಸಣ್ಣಸ್ವಾಮಿ ಹೆಬ್ಬೆರಳೆತ್ತಲು ಕೈ ಸಿದ್ಧಮಾಡಿಕೊಂಡಿದ್ದವನು ಅದನ್ನು ತೊಡೆಯ ಮೇಲಿಟ್ಟುಕೊಂಡ. ಸುಂಟಿಕೊಪ್ಪ ದಾಟುವವರೆಗೂ ಕಿಟಕಿಯ ಆಚೆಯೇ ನೋಡುತ್ತಿದ್ದ.

ಭಾನುವಾರದ ಮಡಿಕೇರಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಒಂದು ಪುಣ್ಯ. ಪ್ರವಾಸಿಗಳ ಕಾರುಗಳ ನಡುವೆ ನುಗ್ಗಿ, ಸಭಾಂಗಣದ ಕೆಳಗಿನ ಕಡಿದಾದ ರಸ್ತೆಯಲ್ಲಿ ಮಾನಸ ಹೇಗೋ ಗಾಡಿ ತೂರಿಸಿ ಚಕ್ರಕ್ಕೆ ಮರದ ತುಂಡು ಕೊಟ್ಟಳು. ಸಭೆ ತುಂಬಿತ್ತು. ಬ್ಲೇಜರು ತೊಟ್ಟ ನಿವೃತ್ತರು, ರೇಷ್ಮೆ ಸೀರೆಯವರು, ಶಾಲೆಯ ಮಕ್ಕಳು. ವೇದಿಕೆಯ ಮೇಲೆ ದೊಡ್ಡ ಕುರ್ಚಿಯಲ್ಲಿ ಮೊಣ್ಣಪ್ಪ. ಎಂಬತ್ತರ ಹತ್ತಿರ, ಬೆನ್ನು ಇನ್ನೂ ನೆಟ್ಟಗೆ, ಬಿಳಿ ಮೀಸೆ. ಮಂಡಿ ನೋವಿನಿಂದಾಗಿ ಅವರು ಕೂತೇ ಶಾಲು ಹೊದಿಸುತ್ತಾರೆ, ದಯವಿಟ್ಟು ಸನ್ಮಾನಿತರು ಬಗ್ಗಬೇಕು ಎಂದು ನಿರೂಪಕಿ ಹೇಳಿದಳು. ಅದನ್ನು ಕೇಳಿ ಸಣ್ಣಸ್ವಾಮಿ ಮೂಗಿನಲ್ಲೇ ನಕ್ಕ.

ಭಾಷಣಗಳಾದವು. ಒಬ್ಬರು ಈ ಪುಸ್ತಕದ ಅಕ್ಷರ ಅಕ್ಷರವೂ ಸತ್ಯ ಎಂದರು. ಇನ್ನೊಬ್ಬರು ಪುಸ್ತಕದ ಕ್ಷಮಾಗುಣವನ್ನು ವಿಶೇಷವಾಗಿ ಹೊಗಳಿದರು. ಸಣ್ಣಸ್ವಾಮಿ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದ ಹಿಡಿತಕ್ಕೆ ಅದರಲ್ಲಿ ಕೂತವರು ತಿರುಗಿ ನೋಡಿದರು.

"ಮಾಜಿ ವಾಯುಸೈನಿಕ ಸಣ್ಣಸ್ವಾಮಿ, ಕುಶಾಲನಗರ," ಎಂದು ಕರೆದರು.

ಅವನು ಮೆಟ್ಟಿಲು ಹತ್ತಿದ. ಶಿವಪ್ರಕಾಶ್ ಪೇಟದ ತಟ್ಟೆ ಹಿಡಿದು ಹಲ್ಲುಬಿಟ್ಟು ನಿಂತಿದ್ದ. ಮೊಣ್ಣಪ್ಪ ಶಾಲು ಬಿಡಿಸುತ್ತ, ಎಲ್ಲರನ್ನೂ ಕೇಳಿದ ಹಾಗೆ ಇವನನ್ನೂ, "ಯಾವ ಯೂನಿಟ್ಟು?" ಎಂದು ವಾತ್ಸಲ್ಯದಿಂದ ಕೇಳಿದ. ಗುರುತೇ ಸಿಕ್ಕಿರಲಿಲ್ಲ. ಪುಸ್ತಕದಲ್ಲಿ ಹೆಸರು ಹಾಕಿ, ಕ್ಷಮಿಸಿ, ಮರೆತೂಬಿಟ್ಟಿದ್ದ.

ಸಣ್ಣಸ್ವಾಮಿ ಬಗ್ಗಲಿಲ್ಲ. ಹಿಂದೆ ಹಿಂದೆ ನಾಲ್ಕು ಹೆಜ್ಜೆ ಹೋಗಿ, ಕುರ್ಚಿಯ ಎಡಕ್ಕೆ ಸ್ವಲ್ಪ ಸರಿದು, ಪೈಲಟನ ಕಣ್ಣಿಗೆ ಬೀಳುವ ಜಾಗದಲ್ಲಿ ಕಾಲು ಜೋಡಿಸಿ ನಿಂತ. ಚೀಲಕ್ಕೆ ಕೈಹಾಕಿ ಮೂರು ಪಿನ್ನನ್ನೂ ತೆಗೆದ. ತೋಳನ್ನು ನೇರ ಮೇಲೆತ್ತಿ, ಬೆರಳುಗಳ ನಡುವೆ ಮೂರನ್ನೂ ಬಿಡಿಸಿ ಹಿಡಿದ. ಕೆಂಪು ಪಟ್ಟಿಗಳು ಕೆಳಗೆ ಇಳಿಬಿದ್ದವು.

ಮೊಣ್ಣಪ್ಪನ ಕಣ್ಣು ಮೇಲೆ ಹೋಯಿತು. ಶಾಲು ತೊಡೆಯ ಮೇಲೆ ಬಿತ್ತು. ಅವನ ತುಟಿ ಅಲುಗಿತು, ಒಂದು, ಎರಡು, ಮೂರು. ಬಲಗೈ ತಾನಾಗಿ ಎದೆಯ ಮಟ್ಟಕ್ಕೆ ಎದ್ದಿತು. ಹೆಬ್ಬೆರಳು ನೆಟ್ಟಗೆ ನಿಂತಿತು.

ಸಭೆ ಚಪ್ಪಾಳೆ ತಟ್ಟಿತು. ಹಳೆಯ ಸೈನಿಕರ ನಡುವಿನ ಏನೋ ಚಂದದ ಗೌರವ ಇದು ಎಂದುಕೊಂಡಿತು. ಹಿಂದಿನಿಂದ ಯಾರೋ ಜೈಕಾರವನ್ನೂ ಹಾಕಿದರು. ಆ ಚಪ್ಪಾಳೆಯ ನಡುವೆ ಮೊಣ್ಣಪ್ಪ ತನ್ನ ಕೈಯನ್ನು ತಾನೇ ನೋಡಿಕೊಂಡ. ಮುಖದ ಬಣ್ಣ ಇಳಿಯಿತು. ಎತ್ತಿದ ಬೆರಳನ್ನು ಮಡಚಬೇಕೋ ಬೇಡವೋ ತಿಳಿಯದೆ ಹಾಗೆಯೇ ಕೂತ. ನಡುವಿನ ಸಾಲಿನಲ್ಲಿ ಮಾನಸ ಎದ್ದು ನಿಂತಿದ್ದಳು. ಅವಳೊಬ್ಬಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಮೂರೇ ವರ್ಷದ ಮಗುವಾಗಿದ್ದಾಗಿನಿಂದ ಆ ಬೆರಳಿನ ಅರ್ಥ ಗೊತ್ತಿದ್ದವಳು ಆ ಸಭೆಯಲ್ಲಿ ಅವಳೊಬ್ಬಳೇ.

"ಆವತ್ತೂ ಹಿಂಗೇ ತೋರ್ಸಿದ್ದೆ," ಎಂದ ಸಣ್ಣಸ್ವಾಮಿ. ಮೈಕು ಪಕ್ಕದಲ್ಲೇ ಇತ್ತು, ಸಭೆಗೆಲ್ಲ ಕೇಳಿತು. "ಹಿಂಗೇ ಬೆರಳು ಎತ್ತಿದ್ರು. ಎಲ್ರೂ ಪುಸ್ತಕ ತಗಂಡಿದ್ದೀರಲ್ಲ, ಪುಟ ನೂರ ನಲವತ್ತೆರಡು ತೆಗೀರಿ. ಪಿನ್ನು ಮರೆತ ಅಂತ ಬರ್ದವ್ರೆ. ಆ ಮರೆತವ್ನು ನಾನೇ. ನೋಡ್ಕಳಿ."

ಹಾಳೆಗಳ ಸದ್ದು ಶುರುವಾಯಿತು. ಚಪ್ಪಾಳೆ ಅಲ್ಲಲ್ಲಿ ನಿಂತು, ಪೂರ್ತಿ ನಿಂತಿತು. ಶಿವಪ್ರಕಾಶ್ ತಟ್ಟೆ ಹಿಡಿದುಕೊಂಡೇ ಹತ್ತಿರ ಸರಿದ. "ಅಲ್ಲ ಮಾರಾಯ್ರೆ," ಎಂದ ಪಿಸುಮಾತಿನಲ್ಲಿ, "ಪಿನ್ನು ತೆಗ್ದಿದ್ರೆ ವಿಮಾನ ಮತ್ತೆ ಯಾಕೆ ವಾಪಸ್ ಬಂತು?"

ಸಣ್ಣಸ್ವಾಮಿ ಮೊಣ್ಣಪ್ಪನನ್ನು ನೋಡಿದ. ಒಂದು ಮಾತು ಸಾಕಿತ್ತು. ನಾಲಗೆಯ ತುದಿಗೇ ಬಂದಿತ್ತು. ಎದುರಿಗಿದ್ದ ಮುದುಕನ ಕಣ್ಣಿನಲ್ಲಿ ಆವತ್ತಿನ ಅದೇ ಮುಖ ಕಂಡಿತು, ಆವತ್ತಿನ ಅದೇ ಬೇಡಿಕೆ. ಅದನ್ನು ಕಂಡು ಅವನಿಗೆ ಮರುಕ ಬರಲಿಲ್ಲ, ಸಿಟ್ಟು ಇಮ್ಮಡಿಯಾಯಿತು.

"ಅದು ಅವ್ರ ಪುಸ್ತಕ," ಎಂದ. "ಅವ್ರೇ ಬರೀಲಿ."

ಮೊಣ್ಣಪ್ಪ ಕುರ್ಚಿಯ ಕೈ ಹಿಡಿದು ಏಳಲು ನೋಡಿದ, ಆಗಲಿಲ್ಲ. "ಸ್ವಾಮಿ," ಎಂದ. ಈಗ ಗುರುತು ಸಿಕ್ಕಿತ್ತು. ದನಿ ತೀರ ಕೆಳಗೆ ಇಳಿದಿತ್ತು. "ನನಗೆ ಹಾಗೇ ನೆನಪು ಕಣೋ. ಇಷ್ಟು ವರ್ಷ ಹಾಗೇ ಹೇಳಿ ಹೇಳಿ... ಆವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಕಾದೆ ಸಾರ್," ಎಂದ ಸಣ್ಣಸ್ವಾಮಿ. "ನೀವು ಹೇಳ್ತೀರಿ ಅಂತ."

ಮೂರು ಪಿನ್ನನ್ನೂ ಶಾಲಿನ ಮೇಲೆ, ಮೊಣ್ಣಪ್ಪನ ತೊಡೆಯಲ್ಲಿ, ಒಂದೊಂದಾಗಿ ಇಟ್ಟ. ಪೇಟದ ತಟ್ಟೆಯನ್ನು ನೋಡದೆ ಮೆಟ್ಟಿಲಿಳಿದ. ನಿರೂಪಕಿ ಗಡಿಬಿಡಿಯಲ್ಲಿ ಮುಂದಿನವರ ಹೆಸರು ಕರೆದಳು, ಯಾರೂ ಏಳಲಿಲ್ಲ. ಬಾಗಿಲವರೆಗೂ ಎಲ್ಲ ತಲೆಗಳೂ ಅವನ ಹಿಂದೆಯೇ ತಿರುಗಿದವು. ಒಬ್ಬಿಬ್ಬರು ಏನೋ ಕೇಳಲು ಬಂದರು, ಅವನ ಮುಖ ನೋಡಿ ದಾರಿ ಬಿಟ್ಟರು.

ಹೊರಗೆ ಬಂದರೂ ಎದೆ ಹಗುರಾಗಲಿಲ್ಲ. ಹಗುರಾಗುತ್ತದೆ ಎಂದು ಅವನು ಅಂದುಕೊಂಡಿದ್ದ. ಆ ಹದಿನಾಲ್ಕು ದಿನ ವಾಪಸ್ ಬರಲಿಲ್ಲ, ತೋಳಿನ ಪಟ್ಟಿ ಬರಲಿಲ್ಲ, ಅಚ್ಚಾದ ಪುಸ್ತಕದ ಒಂದಕ್ಷರವೂ ಅಳಿಯಲಿಲ್ಲ. ಗಾಡಿಯ ಬಾಗಿಲನ್ನು ಧಡಾರನೆ ಎಳೆದುಕೊಂಡು ಕೂತ.

ಮಾನಸ ಹಿಂದೆಯೇ ಬಂದಳು. ಹಿಂದೆ ಹೋಗಿ ಬಗ್ಗಿ, ಚಕ್ರದಡಿಯಿಂದ ಮರದ ತುಂಡನ್ನು ಎಳೆದು ತೆಗೆದಳು. ಆಮೇಲೆ ಗಾಡಿಯ ಮುಂದಕ್ಕೆ ಬಂದಳು. ಇಳಿಜಾರಿನ ರಸ್ತೆಯಲ್ಲಿ, ಹಿಂದಿನ ಕಾರುಗಳವರು ಹಾರನ್ನು ಹೊಡೆಯುತ್ತಿದ್ದರೂ ಲೆಕ್ಕಿಸದೆ, ಅಪ್ಪನ ಎದುರಿಗೆ ಕಾಲು ಜೋಡಿಸಿ ನಿಂತು ಅದನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಅವಳ ಕಣ್ಣು ತುಂಬಿತ್ತು.

"ತೆಗ್ದೆ ಅಪ್ಪ," ಎಂದು ಕೂಗಿದಳು. "ನೋಡಿದ್ಯಾ?"

ಸಣ್ಣಸ್ವಾಮಿ ಗಾಜಿನಾಚೆಯ ಆ ಮರದ ತುಂಡನ್ನು ಒಂದು ಎಂದು ಎಣಿಸಿದ. ಎಣಿಸಿ, ಹೆಬ್ಬೆರಳು ಎತ್ತಿದ.